‘ಪಾಪ’ ಎಂಬ ಸಲೀಸು ಪದ

ಶಾಲೆ ಬಿಟ್ಟ ಹೊತ್ತು, ಬಸ್ ಸ್ಟಾಪಿನ ಕಟ್ಟೆ. ಏಳನೇ ಕ್ಲಾಸಿನವನಿರಬೇಕು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗನೊಬ್ಬ ಎಡಗೈಯೊಂದರಲ್ಲೇ ಶೂ ಲೇಸಿನ ಜೊತೆ ಗುದ್ದಾಡುತ್ತಿದ್ದ. ಸುತ್ತ ನಿಂತ ನಾಲ್ವರಲ್ಲಿ ಮೂವರು ‘ಪಾಪ ಕಣೋ’ ಅಂದರು. ಅಂದವರೇ ಕ್ರಿಕೆಟ್ ಮಾತಿಗೆ ಹೊರಳಿದರು.

ಸಂಸ್ಕೃತದಿಂದ ಬಂದ ‘ಪಾಪ’ಕ್ಕೆ ಪುಣ್ಯದ ಎದುರಾಳಿಯ ಗತ್ತಿತ್ತು. ಕನ್ನಡದ ಜಗಲಿಯಲ್ಲಿ ಕೂತು ಕೂತು ಮೆತ್ತಗಾಯಿತು. ‘ಯಾವ ಜನ್ಮದ ಪಾಪವೋ’ ಎಂಬ ನಿಟ್ಟುಸಿರೇ ಸವೆದು ‘ಅಯ್ಯೋ ಪಾಪ’ ಆಗಿರಬೇಕು. ತಮಿಳರ ‘ಪಾವಂ’, ತೆಲುಗರ ‘ಪಾಪಂ’ ಹಿಡಿದದ್ದೂ ಇದೇ ದಾರಿ. ನಮ್ಮ ಕರಾವಳಿಯಲ್ಲಂತೂ ‘ಪಾಪದವನು’ ಅಂದರೆ ಬಡವ, ಯಾರ ತಂಟೆಗೂ ಹೋಗದ ಸಾಧು.

ಆದರೆ ಒಂದು ತಮಾಷೆ ನೋಡಿ. ‘ಪಾಪ ಅನಿಸಿತು’ ಅಂದರೆ ಮರುಕ. ಅದಕ್ಕೇ ‘ಮಾಡು’ ಸೇರಿಸಿ: ‘ಪಾಪ ಮಾಡಿದ’. ಮರುಕ ಮಾಯ, ಅಪರಾಧ ಹಾಜರ್! ಈ ಪದದಲ್ಲಿ ಮರುಕ ಬಾಯಿಗೆ ಬರುತ್ತದೆ, ಮನಸ್ಸಿಗೂ ಬರುತ್ತದೆ. ಕೈಗೆ ಮಾತ್ರ ಬರುವುದಿಲ್ಲ. ಹನ್ನೆರಡು, ಹದಿಮೂರರ ಮಕ್ಕಳ ತೊಡಕೂ ಅದೇ. ಅವರಿಗೆ ಅನಿಸುವುದು ಧಾರಾಳವಾಗಿ ಅನಿಸುತ್ತದೆ. ಗೆಳೆಯರೆಲ್ಲ ನೋಡುತ್ತಿರುವಾಗ ತಾನೇ ಮೊದಲು ಮುಂದೆ ಹೋಗುವುದಕ್ಕೆ ನಾಚಿಕೆ.

ಇನ್ನೊಂದು ‘ಪಾಪ’ ತೊಟ್ಟಿಲಲ್ಲಿದೆ. ಬೇರು ಬೇರೆ, ಉಚ್ಚಾರ ಒಂದೇ. ಕೆನಡಾದ ಟೊರಾಂಟೊದಲ್ಲಿ ಮೇರಿ ಗಾರ್ಡನ್ 1996ರಲ್ಲಿ ಮಕ್ಕಳಿಗೆ ಮರುಕ ಕಲಿಸುವ ‘ರೂಟ್ಸ್ ಆಫ್ ಎಂಪತಿ’ ಎಂಬ ಶಾಲಾ ಕಾರ್ಯಕ್ರಮ ಶುರುಮಾಡಿದಾಗ ಗುರುವಾಗಿ ಆರಿಸಿಕೊಂಡದ್ದು ಈ ಪಾಪವನ್ನೇ. ಆಸುಪಾಸಿನ ಮನೆಯ ಕೂಸೊಂದು ಅಪ್ಪನ ಇಲ್ಲವೇ ಅಮ್ಮನ ಜೊತೆ ಶಾಲಾ ವರ್ಷವಿಡೀ ಆಗಾಗ ತರಗತಿಗೆ ಬರುತ್ತದೆ. ಎಂಟನೇ ತರಗತಿಯವರೆಗಿನ ಮಕ್ಕಳು ಹಸಿರು ಹೊದಿಕೆಯ ಸುತ್ತ ಕೂತು, ಅದು ಯಾಕೆ ಅತ್ತಿತು, ಅದಕ್ಕೆ ಏನು ಬೇಕಿತ್ತು ಎಂದು ಯೋಚಿಸುತ್ತಾರೆ. ಬಾಯಿ ಬಾರದ ಕೂಸಿಗೆ ‘ಅಯ್ಯೋ ಪಾಪ’ ಅಂದರೆ ಅಳು ನಿಲ್ಲುತ್ತದೆಯೇ? ಹಸಿವೋ ನಿದ್ದೆಯೋ ಹುಡುಕಲೇಬೇಕು. ಆ ಹುಡುಕಾಟವೇ ಪಾಠ.

ಬಸ್ ಸ್ಟಾಪಿನ ನಾಲ್ಕನೆಯವನ ಮಾತು ಬಾಕಿ ಉಳಿಯಿತು. ಅವನು ಬ್ಯಾಗು ಕೆಳಗಿಟ್ಟ, ಮಂಡಿಯೂರಿದ, ‘ಕಾಲು ನೆಟ್ಟಗಿಡೋ, ಕೋತಿ’ ಎಂದು ಬೈಯುತ್ತಲೇ ಲೇಸಿಗೆ ಎರಡು ಗಂಟು ಹಾಕಿದ. ಅವನ ಬಾಯಲ್ಲಿ ‘ಪಾಪ’ ಬರಲೇ ಇಲ್ಲ.