ಲಂಬ ವಕ್ರರೇಖೆ: ಹೆದ್ದಾರಿ ವಿನ್ಯಾಸದಲ್ಲಿ ಅದರ ಇತಿಹಾಸ

ರಸ್ತೆಯ ಏರು ಮತ್ತು ಇಳಿಜಾರುಗಳು ಸಂಧಿಸುವಲ್ಲಿ ಮೂಲೆ ಉಳಿಯದಂತೆ ಅವುಗಳ ನಡುವೆ ಕೂಡಿಸುವ ಬಾಗು. ದಿಬ್ಬದ ನೆತ್ತಿಯ ಬಾಗನ್ನು ಎಂಜಿನಿಯರುಗಳು ಸಮಿಟ್ ಕರ್ವ್ ಎಂದೂ ತಗ್ಗಿನ ಬಾಗನ್ನು ವ್ಯಾಲಿ ಕರ್ವ್ ಎಂದೂ ಕರೆಯುತ್ತಾರೆ. ಎಡಬಲದ ತಿರುವು ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ಬಾಗು ಬೀಳುವುದಿಲ್ಲ. ಆದರೂ ಎದುರಿನ ವಾಹನ ಚಾಲಕನಿಗೆ ಎಷ್ಟು ದೂರದಿಂದ ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ಇದೇ.

ಕುದುರೆಗಾಡಿಯ ಕಾಲಕ್ಕೆ ಇದರ ಅಗತ್ಯವಿರಲಿಲ್ಲ. 19ನೆಯ ಶತಮಾನದ ಆರಂಭದಲ್ಲಿ ಥಾಮಸ್ ಟೆಲ್ಫರ್ಡ್ ಲಂಡನ್ನಿನಿಂದ ಹಾಲಿಹೆಡ್‌ಗೆ ಹೋಗುವ ಹೆದ್ದಾರಿಯನ್ನು ವೇಲ್ಸ್‌ನ ಬೆಟ್ಟಗಳ ನಡುವೆ ಕಟ್ಟಿದಾಗ, ಏರು ಸುಮಾರು 20ಕ್ಕೆ 1ಕ್ಕಿಂತ ಕಡಿದಾಗದಂತೆ ನೋಡಿಕೊಂಡ. ಆತನ ಚಿಂತೆ ಕುದುರೆಯ ಶಕ್ತಿಯದು. ನಿಧಾನವಾಗಿ ಸಾಗುವ ಗಾಡಿಗೆ ನೆತ್ತಿಯಾಚೆ ಏನಿದೆಯೆಂದು ಮೊದಲೇ ತಿಳಿಯಬೇಕಾದ ತುರ್ತು ಇರಲಿಲ್ಲ.

ಬಾಗಿನ ಲೆಕ್ಕವನ್ನು ಕಟ್ಟುನಿಟ್ಟಾಗಿ ಹಾಕಬೇಕಾಗಿ ಬಂದದ್ದು ರೈಲು ಹಳಿಗಳಲ್ಲಿ. ಉದ್ದನೆಯ ಗೂಡ್ಸ್ ರೈಲು ತಗ್ಗಿಗೆ ಇಳಿದಾಗ ಮುಂಭಾಗ ಏರು ಹತ್ತುತ್ತ ನಿಧಾನಿಸುತ್ತದೆ, ಹಿಂಭಾಗ ಇಳಿಜಾರಿನಲ್ಲಿ ನುಗ್ಗಿ ಬರುತ್ತದೆ. ಸಡಿಲಗೊಂಡ ಕೊಂಡಿಗಳು ಮರುಕ್ಷಣ ಬಿಗಿದಾಗ ಬೀಳುವ ಜಗ್ಗಿಗೆ ರೈಲು ಎರಡಾಗಿ ಕಡಿದುಹೋಗುವ ಅಪಾಯವಿತ್ತು. ಅಮೆರಿಕದ ರೈಲ್ವೆ ಎಂಜಿನಿಯರುಗಳು ಮುಖ್ಯ ಮಾರ್ಗಗಳಿಗೆ ರೂಪಿಸಿಕೊಂಡ ನಿಯಮದಂತೆ 100 ಅಡಿ ಹಳಿಗೆ ಏರಿನ ಬದಲಾವಣೆ ನೆತ್ತಿಯಲ್ಲಿ ಶೇ. 0.1, ತಗ್ಗಿನಲ್ಲಿ ಶೇ. 0.05 ಮೀರಬಾರದು. ಅಂದರೆ ತಗ್ಗಿನ ಬಾಗು ನೆತ್ತಿಯದಕ್ಕಿಂತ ಎರಡು ಪಟ್ಟು ಉದ್ದ. ರಸ್ತೆಗೆ ಬಂದಾಗ ಈ ಆದ್ಯತೆ ತಲೆಕೆಳಗಾಯಿತು.

ರೈಲಿನಿಂದ ರಸ್ತೆಗೆ ಬಂದ ಮುಖ್ಯ ಬಳುವಳಿ ಪರವಲಯ. ಇದರಲ್ಲಿ ಏರಿನ ಪ್ರಮಾಣ ಉದ್ದಕ್ಕೂ ಒಂದೇ ದರದಲ್ಲಿ ಬದಲಾಗುತ್ತದೆ. ಸ್ಪರ್ಶರೇಖೆಯಿಂದ ಬಾಗಿಗಿರುವ ಅಂತರ ದೂರದ ವರ್ಗಕ್ಕೆ ಅನುಗುಣವಾಗಿರುವುದರಿಂದ ಪೆನ್ಸಿಲು, ಕಾಗದವಷ್ಟೇ ಇದ್ದ ಸರ್ವೆಯವನೂ ಪ್ರತಿ ಗೂಟದ ಎತ್ತರವನ್ನು ಅಲ್ಲೇ ಲೆಕ್ಕ ಹಾಕಬಹುದಿತ್ತು. ಹೆದ್ದಾರಿಯ ಸಣ್ಣ ಇಳಿಜಾರುಗಳಲ್ಲಿ ವೃತ್ತಕ್ಕೂ ಪರವಲಯಕ್ಕೂ ಇರುವ ವ್ಯತ್ಯಾಸ ಗಣನೆಗೆ ಬಾರದಷ್ಟು ಕಡಿಮೆ. ಪರವಲಯ ಗೆದ್ದದ್ದು ಲೆಕ್ಕದ ಸುಲಭದಿಂದ.

ಮೋಟಾರು ವಾಹನಗಳ ವೇಗ ಹೆಚ್ಚಿದಂತೆ ನೋಟದ ದೂರ ಮುಖ್ಯವಾಯಿತು. ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ 1940ರಲ್ಲಿ ನೋಟದ ದೂರದ ಬಗ್ಗೆಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಚಾಲಕನ ಕಣ್ಣು ನೆಲದಿಂದ 4.5 ಅಡಿ ಎತ್ತರದಲ್ಲಿದೆ, ರಸ್ತೆಯಲ್ಲಿ ಬಿದ್ದಿರುವ ವಸ್ತು 4 ಅಂಗುಲ ಎತ್ತರವಿದೆ ಎಂದು ಅದು ಇಟ್ಟುಕೊಂಡಿತು. ಅಲ್ಲಿಂದ ಮುಂದೆ ಈ ಎರಡು ಸಂಖ್ಯೆಗಳು ಬದಲಾದಂತೆಲ್ಲ ದಿಬ್ಬಗಳ ಆಕಾರವೂ ಬದಲಾಗುತ್ತ ಬಂದಿದೆ. ಕಾರುಗಳು ತಗ್ಗಾದಂತೆ ಕಣ್ಣಿನ ಎತ್ತರ 1965ರಲ್ಲಿ 3.75 ಅಡಿಗೆ, 1984ರಲ್ಲಿ 3.5 ಅಡಿಗೆ ಇಳಿಯಿತು. ವಸ್ತುವಿನ ಎತ್ತರ 6 ಅಂಗುಲಕ್ಕೆ ಏರಿತು. 2001ರಲ್ಲಿ ಅದನ್ನು 2 ಅಡಿಗೆ, ಅಂದರೆ ಮುಂದಿನ ಕಾರಿನ ಹಿಂದೀಪದ ಮಟ್ಟಕ್ಕೆ ಏರಿಸಿದರು. ಸಣ್ಣ ವಸ್ತುಗಳಿಗೆ ಬಡಿದು ಆಗುವ ಅಪಘಾತಗಳು ತೀರ ವಿರಳವೆಂದು 1997ರ ಅಧ್ಯಯನವೊಂದು ಹೇಳಿದ್ದು ಇದಕ್ಕೆ ಆಧಾರ.

ಭಾರತದಲ್ಲಿ ಈ ನಿಯಮಗಳನ್ನು ರೂಪಿಸಿದ್ದು ರಸ್ತೆ ಅಭಿವೃದ್ಧಿ ಕುರಿತ ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಲಂಬ ವಕ್ರರೇಖೆಗಳಿಗೇ ಮೀಸಲಾದ ಅದರ ಕೈಪಿಡಿ 1983ರದು. ಇಲ್ಲಿ ಕಣ್ಣಿನ ಎತ್ತರ 1.2 ಮೀಟರ್, ವಸ್ತುವಿನದು 0.15 ಮೀಟರ್. ಎರಡೂ ಬದಿಯ ಇಳಿಜಾರುಗಳ ವ್ಯತ್ಯಾಸವನ್ನು ನೋಟದ ದೂರದ ವರ್ಗದಿಂದ ಗುಣಿಸಿ 4.4ರಿಂದ ಭಾಗಿಸಿದರೆ ನೆತ್ತಿಯ ಬಾಗಿನ ಉದ್ದ ಸಿಗುತ್ತದೆ. ಬಾಗು ನೋಟದ ದೂರಕ್ಕಿಂತ ಉದ್ದವಿರುವಾಗ ಬಳಸುವ ಸೂತ್ರವಿದು. 4.4 ಎಂಬುದು ಆ ಎರಡು ಎತ್ತರಗಳಿಂದಲೇ ಹುಟ್ಟಿದ ಸಂಖ್ಯೆ. 30ಕ್ಕೆ 1ರ ಏರು ಅಷ್ಟೇ ಇಳಿಜಾರನ್ನು ಕೂಡುವ ದಿಬ್ಬವನ್ನು ತೆಗೆದುಕೊಳ್ಳೋಣ. ಗಂಟೆಗೆ 80 ಕಿ.ಮೀ. ವೇಗಕ್ಕೆ 120 ಮೀಟರ್ ದೂರ ಕಾಣಬೇಕು, ಬಾಗು ಸುಮಾರು 218 ಮೀಟರ್. 100 ಕಿ.ಮೀ. ವೇಗಕ್ಕೆ 180 ಮೀಟರ್ ಕಾಣಬೇಕು, ಬಾಗು ಸುಮಾರು 491 ಮೀಟರ್. ಏರು ಇಳಿಜಾರುಗಳನ್ನು ನೇರ ಎಳೆದರೆ ಸೇರುವ ಬಿಂದುವಿಗಿಂತ ರಸ್ತೆ ಮೊದಲ ಸಂದರ್ಭದಲ್ಲಿ 1.8 ಮೀಟರ್ ಕೆಳಗಿದ್ದರೆ ಎರಡನೆಯದರಲ್ಲಿ 4.1 ಮೀಟರ್ ಕೆಳಗಿರುತ್ತದೆ. ಅಷ್ಟೂ ಮಣ್ಣು, ಬಂಡೆಯನ್ನು ಅಗೆದು ತೆಗೆಯಬೇಕು. ವೇಗದ ನಿಜವಾದ ಬೆಲೆ ಇಲ್ಲಿ ಕಾಣುತ್ತದೆ.

ಅಮೆರಿಕದಂತೆ ವಸ್ತುವಿನ ಎತ್ತರವನ್ನು 0.6 ಮೀಟರಿಗೆ ಏರಿಸಿದರೆ ನಮ್ಮ ಬಾಗುಗಳು ಮೂರರಲ್ಲೊಂದು ಪಾಲಿಗೂ ಹೆಚ್ಚು ಮೋಟಾಗುತ್ತವೆ, ಖರ್ಚೂ ಉಳಿಯುತ್ತದೆ. ಆದರೆ ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಒತ್ತುಕೊಟ್ಟ ಕಲ್ಲುಗಳು ರಸ್ತೆಯಲ್ಲೇ ಉಳಿಯುವ ನಾಡಿನಲ್ಲಿ 0.15 ಮೀಟರ್ ಎಂಬ ಎಚ್ಚರಿಕೆಯನ್ನು ಕೈಬಿಡುವುದು ಸರಿಯಲ್ಲ.

ತಗ್ಗಿನಲ್ಲಿ ಹಗಲು ನೋಟಕ್ಕೆ ಅಡ್ಡಿಯಿಲ್ಲ. ತೊಂದರೆ ರಾತ್ರಿಯದು, ಹೆಡ್‌ಲೈಟಿನ ಬೆಳಕು ಎದುರಿನ ಏರಿಗೆ ಬಡಿದು ಅಲ್ಲಿಗೇ ನಿಲ್ಲುತ್ತದೆ. ದೀಪ 0.75 ಮೀಟರ್ ಎತ್ತರದಲ್ಲಿದೆ, ಬೆಳಕು 1 ಡಿಗ್ರಿ ಮೇಲಕ್ಕೆ ಹರಡುತ್ತದೆ ಎಂದು ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಮೇಲಿನ ಇಳಿಜಾರುಗಳೇ ತಗ್ಗಿನಲ್ಲಿ ಕೂಡಿದರೆ 100 ಕಿ.ಮೀ. ವೇಗಕ್ಕೆ ಸುಮಾರು 277 ಮೀಟರ್ ಸಾಕು. ಮಳೆನೀರು ಬಂದು ನಿಲ್ಲುವುದೂ ಇಲ್ಲೇ ಆದ್ದರಿಂದ ಚರಂಡಿಯ ವಿನ್ಯಾಸ ಬಾಗಿನ ಜೊತೆಗೇ ಆಗಬೇಕು.

ಆಗುಂಬೆ, ಚಾರ್ಮಾಡಿಯಂತಹ ಘಾಟಿಗಳಲ್ಲಿ ವೇಗವೇ ಕಡಿಮೆ, ಹಾಗಾಗಿ ಬಾಗುಗಳೂ ಗಿಡ್ಡ. ಹೇರ್‌ಪಿನ್ ತಿರುವಿನಲ್ಲಿ ಏರು 40ಕ್ಕೆ 1 ಮೀರದಂತೆ ತಗ್ಗಿಸಬೇಕೆಂದು ಬೆಟ್ಟದ ರಸ್ತೆಗಳ ಕೈಪಿಡಿ ಹೇಳುತ್ತದೆ.

ಇಂದು ಕಂಪ್ಯೂಟರು ನೆಲದ ನಕ್ಷೆಯ ಮೇಲೆ ಹತ್ತಾರು ಪರ್ಯಾಯಗಳನ್ನು ಕ್ಷಣದಲ್ಲಿ ಎಳೆದು ಮಣ್ಣಿನ ಲೆಕ್ಕವನ್ನೂ ಕೊಡುತ್ತದೆ. ಸೂತ್ರ ಮಾತ್ರ ಹಳೆಯದೇ. ಅದು ಪೂರೈಸಲಾಗದ ಒಂದು ಬೇಡಿಕೆಯೂ ಹಾಗೆಯೇ ಉಳಿದಿದೆ: ಎರಡು ಪಥದ ರಸ್ತೆಯಲ್ಲಿ ಓವರ್‌ಟೇಕ್ ಮಾಡಲು ಬೇಕಾದ ನೋಟ. 80 ಕಿ.ಮೀ. ವೇಗಕ್ಕೆ 470 ಮೀಟರ್ ಕಾಣಬೇಕು. ಇಲ್ಲಿ ಕಾಣಬೇಕಾದದ್ದು ನೆಲದ ಮೇಲಿನ ಸಣ್ಣ ವಸ್ತುವಲ್ಲ, ಎತ್ತರದ ಎದುರು ವಾಹನ; ಹಾಗಿದ್ದರೂ ಮೇಲೆ ಹೇಳಿದ 30ಕ್ಕೆ 1ರ ದಿಬ್ಬಕ್ಕೆ ಸುಮಾರು ಒಂದೂವರೆ ಕಿ.ಮೀ. ಉದ್ದದ ಬಾಗು ಬೇಕಾಗುತ್ತದೆ. ಅಷ್ಟನ್ನು ಎಲ್ಲ ಕಡೆ ಕಟ್ಟಲಾಗದು. ಆದ್ದರಿಂದ ನೆತ್ತಿಯ ಬಳಿ ನಡುಗೆರೆಯನ್ನು ತುಂಡಿಲ್ಲದೆ ಎಳೆಯುತ್ತಾರೆ. ಮುಂದಿನ ರಸ್ತೆ ಸ್ಪಷ್ಟವಾಗಿ ಕಾಣದ ದಿಬ್ಬದಲ್ಲಿ ಓವರ್‌ಟೇಕ್ ಮಾಡುವುದನ್ನು 1989ರ ರಸ್ತೆ ನಿಯಮಗಳೂ ನಿಷೇಧಿಸಿದವು.