ಪೆಟ್ರೋಲ್ ತುಟ್ಟಿ ಆದಾಗಷ್ಟ ನೆನಪಾಗೋ ಗಾಡಿ

ಮಿಶಿಗನ್‌ದಾಗ ಇರೋ ನಮ್ಮಕ್ಕನ ಮಗಳು ಹೋದ ವಾರ ಫೋನ್ ಮಾಡಿ "ಮಾಮಾ, ಗಾಡಿ ತೊಗೊಬೇಕು. ಸೋವಿ ಇರಬೇಕು, ಪೆಟ್ರೋಲ್ ಕಡಿಮಿ ಕುಡೀಬೇಕು, ಮತ್ತ ಅಮೇರಿಕಾದವರದ ಆಗಬೇಕು" ಅಂದ್ಲು. ಅಕಿ ಕೆಲಸ ಮಾಡೋದು ಅಲ್ಲಿನ ಗಾಡಿ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡೋ ಒಂದು ಸಣ್ಣ ಕಾರ್ಖಾನಿಯೊಳಗ. "ಅವರ ಅನ್ನ ಉಂಡು ಬ್ಯಾರೇದವರ ಗಾಡಿ ತೊಗೊಂಡ್ರ ಹ್ಯಾಂಗ?" ಅನ್ನೋದು ಅಕಿ ವಾದ.

ಹುಬ್ಬಳ್ಳಿಯೊಳಗ ಸ್ಕೂಟರ್ ಮ್ಯಾಲೆ ಅಡ್ಡಾಡೋ ನನಗ ಯಾಕ ಕೇಳಿದ್ಲು ಅಂದ್ರ, ಅದಕ್ಕೊಂದು ಹಳೇ ಕಥಿ ಅದ. ನನ್ನ ತಮ್ಮ ಓಹಾಯೋದಾಗ ಇದ್ದಾಗ, 2006ರಾಗ, ಆನೆಯಂಥಾ ಒಂದು ದೊಡ್ಡ ಗಾಡಿ ಸಾಲಾ ಮಾಡಿ ತೊಗೊಂಡಿದ್ದಾ. 2008ರ ಜೂನ್‌ದಾಗ ಅಲ್ಲೆ ಗ್ಯಾಲನ್ ಪೆಟ್ರೋಲ್ 4 ಡಾಲರ್ ದಾಟಿತು, ಅದ ವರ್ಷದ ಕಡಿಗೆ ಅವನ ನೌಕರಿ ಹೋತು. ಗಾಡಿ ಮಾರೋಣ ಅಂದ್ರ ಉಳದ ಸಾಲದ ಅರ್ಧದಷ್ಟೂ ಬೆಲೆ ಬರಲಿಲ್ಲ. ನಮ್ಮಪ್ಪ ಇಲ್ಲೆ ಬ್ಯಾಂಕಿನಾಗಿನ ಠೇವು ಮುರದು ಅವಂಗ ರೊಕ್ಕಾ ಕಳಿಸಿದ್ರು. ಎಲ್ಲಾರ ಮನಿಗೆ ಅಮೇರಿಕಾದಿಂದ ಡಾಲರ್ ಬರತಿದ್ರ, ನಮ್ಮ ಮನಿಯಿಂದ ರೂಪಾಯಿ ಅಲ್ಲಿಗೆ ಹೋತು. ಆವಾಗಿಂದ ನಾನು ಆ ದೇಶದ ಗಾಡಿಗಳ ಚರಿತ್ರೆ ಓದಲಿಕ್ಕೆ ಹತ್ತಿದ್ದು. ಓದಿದ್ದರಾಗ ಅಕಿಗೆ ಹೇಳಿದ್ದಷ್ಟು ಇಲ್ಲೆ ಬರದೀನಿ.

ಸೋವಿ ಗಾಡಿ ಅನ್ನೋದು ಹುಟ್ಟಿದ್ದ ಅಮೇರಿಕಾದಾಗ ಅಂದ್ರೂ ನಡೀತದ. ಹೆನ್ರಿ ಫೋರ್ಡ್ 1908ರಾಗ ಮಾಡೆಲ್ ಟಿ ಹೊರಗ ತಂದಾಗ ಅದರ ಬೆಲೆ 850 ಡಾಲರ್. 1913ರಾಗ ಹೈಲ್ಯಾಂಡ್ ಪಾರ್ಕ್ ಕಾರ್ಖಾನಿಯೊಳಗ ಗಾಡೀನ ಕೆಲಸಗಾರನ ಹತ್ರ ಬರೋ ಸರಪಳಿ ಪದ್ಧತಿ ಶುರು ಮಾಡಿದ ಮ್ಯಾಲೆ ಖರ್ಚು ಇಳಕೋತ ಹೋತು. 1925ರ ಹೊತ್ತಿಗೆ ಎಲ್ಲಾಕಿಂತ ಸಣ್ಣ ಮಾಡೆಲ್ಲಿನ ಬೆಲೆ 260 ಡಾಲರ್‌ಗೆ ಬಂತು. 1927ರಾಗ ನಿಲ್ಲೋದರೊಳಗ ದೀಡ ಕೋಟಿಗಿಂತ ಹೆಚ್ಚು ಗಾಡಿ ತಯಾರಾಗಿದ್ವು.

ಆಮ್ಯಾಲೆ ಮಹಾಯುದ್ಧ ಮುಗೀತು, ಪೆಟ್ರೋಲ್ ಸೋವಿ ಆತು, ಗಾಡಿಗಳಿಗೆ ಕೊಬ್ಬು ಬಂತು. ಉದ್ದಾಗಿ, ಅಗಲಾಗಿ, ಹಿಂದ ಮೀನಿನ ರೆಕ್ಕಿ ಹಚಗೊಂಡು ಬರಲಿಕ್ಕೆ ಹತ್ತಿದ್ವು. ಆ ಕಾಲದಾಗ ಉಲ್ಟಾ ಮಾತಾಡಿದಾಂವ ಅಮೇರಿಕನ್ ಮೋಟಾರ್ಸ್ ಕಂಪನಿಯ ಜಾರ್ಜ್ ರಾಮ್ನಿ. ದೊಡ್ಡ ಗಾಡಿಗಳಿಗೆ ಅಂವ ಪೆಟ್ರೋಲ್ ನುಂಗೋ ಡೈನೋಸಾರ್ ಅಂತಿದ್ದಾ. 1958ರಾಗ ಮಂದಿ ಕೈಯಾಗ ರೊಕ್ಕಾ ಇಲ್ಲದ ದೊಡ್ಡ ಕಂಪನಿಗಳ ವ್ಯಾಪಾರ ಬಿದ್ದಾಗ, ಇವನ ಸಣ್ಣ ರ್‍ಯಾಂಬ್ಲರ್ ಗಾಡಿ ಭರ್ಜರಿ ಹೋತು, ಕಂಪನಿ ಲಾಭಕ್ಕ ಬಂತು. ಅದನ್ನ ನೋಡಿ ದೊಡ್ಡವರೂ ಸಣ್ಣ ಗಾಡಿ ತಂದ್ರು, ಫಾಲ್ಕನ್, ಕಾರ್ವೇರ್, ವೇಲಿಯಂಟ್ ಅಂತ. ಖರೆ ಅಂದ್ರ ಅವೂ ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಮೈ ಬೆಳಸ್ಕೋತ ಹೋದ್ವು.

1970ರ ಸುಮಾರಿಗೆ ಜರ್ಮನಿಯ ಬೀಟಲ್ ಮತ್ತ ಜಪಾನದ ಗಾಡಿಗಳ ಕಾಟಕ್ಕ ಮತ್ತೊಮ್ಮೆ ಎಚ್ಚರ ಆತು. ಫೋರ್ಡ್‌ನವರು 1969ರಾಗ ಮ್ಯಾವರಿಕ್ ತಂದ್ರು, ಬೆಲೆ 1,995 ಡಾಲರ್. ಈ ಆಕಡಾ ನೆನಪಿಡ್ರಿ, ಮುಂದ ಬೇಕಾಗ್ತದ. ಮರುವರ್ಷ ಗ್ರೆಮ್ಲಿನ್, ವೇಗಾ, ಪಿಂಟೊ ಬಂದ್ವು. ಪಿಂಟೊ ಗಾಡಿಗೆ ಹಿಂದಿಂದ ಡಿಕ್ಕಿ ಆದ್ರ ಪೆಟ್ರೋಲ್ ಟಾಕಿ ಒಡದು ಬೆಂಕಿ ಹತ್ತೋ ದೋಷ ಇತ್ತು. 1978ರಾಗ ಅದರ ಅವಳಿ ಬಾಬ್‌ಕ್ಯಾಟ್ ಸಹಿತ 15 ಲಕ್ಷ ಗಾಡಿ ವಾಪಸ್ ಕರಿಯೋ ಪಾಳಿ ಬಂತು. ಸೋವಿ ಅಂದ್ರ ಬರೇ ಬೆಲೆ ನೋಡಬ್ಯಾಡಾ, ಸುರಕ್ಷತಾ ಪರೀಕ್ಷೆಯೊಳಗ ಎಷ್ಟು ಮಾರ್ಕ್ಸ್ ಬಂದದ ಅದನ್ನೂ ನೋಡು ಅಂತ ನಮ್ಮ ಹುಡುಗಿಗೆ ಮೊದಲ ಹೇಳಿದ್ದು ಇದನ್ನ.

1973ರ ಅಕ್ಟೋಬರ್‌ದಾಗ ಅರಬ್ ದೇಶದವರು ಅಮೇರಿಕಾಕ್ಕ ಎಣ್ಣಿ ಕೊಡೋದು ಬಂದ್ ಮಾಡಿದ್ರು. ಒಂದು ಬ್ಯಾರಲ್‌ಗೆ 3 ಡಾಲರ್ ಇದ್ದ ಕಚ್ಚಾ ಎಣ್ಣಿ ಕೆಲವ ತಿಂಗಳಾಗ 12ರ ಹತ್ರ ಹೋತು. ನಮ್ಮಲ್ಲೆ ಆಗ ಸೀಮೆಎಣ್ಣಿಗೆ ಪಾಳಿ ಹಚ್ಚಿದ್ಹಂಗ ಅಲ್ಲೆ ಪೆಟ್ರೋಲ್ ಪಂಪಿಗೆ ಪಾಳಿ. 1975ರಾಗ ಅಲ್ಲಿನ ಸರಕಾರ ಕಾನೂನು ತಂತು: ಒಂದು ಕಂಪನಿ ಮಾರೋ ಹೊಸಾ ಕಾರುಗಳ ಸರಾಸರಿ 1978ರಾಗ ಗ್ಯಾಲನ್‌ಗೆ 18 ಮೈಲು, 1985ರಾಗ 27.5 ಮೈಲು ಆಗಲೇಬೇಕು. ನಮ್ಮ ಲೆಕ್ಕದಾಗ ಲೀಟರಿಗೆ ಏಳೂವರಿಯಿಂದ ಹನ್ನೊಂದೂವರಿ ಕಿಲೋಮೀಟರ್ ಮ್ಯಾಲೆ.

ಹೈಬ್ರಿಡ್ ಅಂದ್ರ ಜಪಾನದವರ ಕರಾಮತ್ತು ಅಂತ ನಾವೆಲ್ಲಾ ತಿಳಕೊಂಡೀವಿ. ಆದ್ರ 1974ರಾಗ ವಿಕ್ಟರ್ ವೌಕ್ ಅನ್ನೋ ಅಮೇರಿಕಾದ ಎಂಜಿನಿಯರ್ ಒಂದು ಬ್ಯೂಕ್ ಸ್ಕೈಲಾರ್ಕ್ ಗಾಡಿಗೆ ಸಣ್ಣ ಎಂಜಿನ್ ಜೊತಿ ಕರೆಂಟಿನ ಮೋಟಾರ್ ಜೋಡಿಸಿ ಓಡಿಸಿ ತೋರಿಸಿದ್ದಾ. ಮೈಲೇಜ್ ಹೆಚ್ಚು ಕಡಿಮಿ ಎರಡ ಪಟ್ಟು ಬಂತು. ಸರಕಾರದವರು ಪರೀಕ್ಷಾ ಮಾಡಿದ್ರು, ಕೈ ಬಿಟ್ರು. ಜಪಾನದಾಗ ಪ್ರಿಯಸ್ ಬಂದದ್ದು 1997ರಾಗ, ಅಂದ್ರ 23 ವರ್ಷದ ಮ್ಯಾಲೆ.

1986ರಾಗ ಎಣ್ಣಿ ಬೆಲೆ ಧಪ್ ಅಂತ ಬಿತ್ತು, ಮತ್ತ ಎಲ್ಲಾ ಮರೀತು. ಕಾನೂನಿನಾಗ ಕಾರಿಗೆ ಒಂದು ಲೆಕ್ಕ, ಟ್ರಕ್ಕಿಗೆ ಸಡಿಲ ಲೆಕ್ಕ ಇತ್ತು. ಎಸ್‌ಯುವಿ ಅನ್ನೋವು ಟ್ರಕ್ಕಿನ ಖಾತೆಯೊಳಗ ಬರತಿದ್ವು. ಹಿಂಗಾಗಿ ಲಾಭ ಎಲ್ಲಾ ಅಲ್ಲೆ. ಅದ ಕಾಲದಾಗ ಷೆವರ್ಲೆ ಅಂಗಡಿಯೊಳಗ ಜಿಯೋ ಮೆಟ್ರೋ ಅಂತ ಒಂದು ಪುಟ್ಟ ಗಾಡಿ ಸಿಗತಿತ್ತು. ಅದರ ಎಕ್ಸ್‌ಎಫ್‌ಐ ಮಾಡೆಲ್ ಊರಾಗ 53, ಹೆದ್ದಾರಿಯೊಳಗ 58 ಮೈಲು ಕೊಡತಿತ್ತು. ಅದು ಸುಝುಕಿಯವರ ಕಲ್ಟಸ್. ನಮ್ಮ ಮಾರುತಿ 1000 ಮತ್ತ ಎಸ್ಟೀಮ್ ಅದ ಮನೆತನದವು! ನಮ್ಮ ಸಾಹೇಬರು ಎಸ್ಟೀಮ್ ತೊಗೊಂಡು ಓಣಿಗೆಲ್ಲಾ ಪೇಢೆ ಹಂಚಿದ್ರು, ಅಲ್ಲಿನ ಮಂದಿ ಅದರ ತಮ್ಮನ್ನ ನೋಡಿ ನಗತಿದ್ರು.

ಅಮೇರಿಕಾದವರ ಮೊದಲ ಹೈಬ್ರಿಡ್ ಎಸ್‌ಯುವಿ, ಫೋರ್ಡ್ ಎಸ್ಕೇಪ್, 2004ರಾಗ ಮಿಸ್ಸೌರಿ ರಾಜ್ಯದಾಗ ತಯಾರಾತು. ಆದ್ರ ಮನಿ ಮನಿಗೆ ಅದು ಮುಟ್ಟೋದರೊಳಗ 2008 ಬಂತು. ಮರುವರ್ಷ ಕ್ರೈಸ್ಲರ್, ಜನರಲ್ ಮೋಟಾರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದ್ವು. ನನ್ನ ತಮ್ಮನ ಗಾಡಿಯಂಥಾವು ಲಕ್ಷಗಟ್ಟಲೆ ಬೀದಿಗೆ ಬಿದ್ದಿದ್ವು. ಆವಾಗ ಫ್ಯೂಷನ್ ಹೈಬ್ರಿಡ್ ಬಂತು, ಊರಾಗ 41 ಮೈಲು, ಅಂದ್ರ ಲೀಟರಿಗೆ 17 ಕಿಲೋಮೀಟರ್ ದಾಟಿ. 2010ರಾಗ ಷೆವರ್ಲೆ ವೋಲ್ಟ್ ಬಂತು. ಪೆಟ್ರೋಲ್ ಮತ್ತ ಇಳೀತು. ವೋಲ್ಟ್ 2019ರಾಗ ನಿಂತಿತು. 2018ರಾಗನ ಫೋರ್ಡ್‌ನವರು ಅಮೇರಿಕಾದಾಗ ಸಾದಾ ಕಾರು ಹೆಚ್ಚುಕಡಿಮಿ ಎಲ್ಲಾ ಬಂದ್ ಅಂತ ಸಾರಿದ್ರು, ಫ್ಯೂಷನ್ 2020ರಾಗ ಮುಗೀತು.

ಮರುವರ್ಷ ಏನಾತು ಗೊತ್ತದ ಏನ್ರಿ? ಅದ ಫೋರ್ಡ್‌ನವರು ಮ್ಯಾವರಿಕ್ ಅಂತ ಹಳೇ ಹೆಸರಿನಾಗ ಒಂದು ಸಣ್ಣ ಹೈಬ್ರಿಡ್ ಪಿಕಪ್ ಬಿಟ್ರು. ಊರಾಗ 42 ಮೈಲು. ಬೆಲೆ 19,995 ಡಾಲರ್, 1969ರ ಆಕಡಾಕ್ಕ ಇನ್ನೊಂದು ಒಂಬತ್ತು ಸೇರಿಸಿದ್ಹಂಗ. ಮಂದಿ ಎಷ್ಟು ಮುಕುರಿದ್ರು ಅಂದ್ರ 2022ರ ಜನವರಿಯೊಳಗ ಆ ವರ್ಷದ ಬುಕಿಂಗ್ ಬಂದ್ ಮಾಡಬೇಕಾತು. ಆಮ್ಯಾಲೆ ಅದರ ಬೆಲೆನೂ ಏರಿತು.

ಇದನ್ನೆಲ್ಲಾ ಕೇಳಿ ನಮ್ಮ ಹುಡುಗಿ "ಹಂಗಾದ್ರ ಅವರಿಗೆ ಛಲೋ ಗಾಡಿ ಮಾಡಲಿಕ್ಕೆ ಬರ್ತದ, ಇಟಗೊಳ್ಳಿಕ್ಕೆ ಬರೂದಿಲ್ಲ" ಅಂದ್ಲು. ಖರೆ ಅದ. ಪೆಟ್ರೋಲ್ ಇಳಿದ ಕೂಡಲೇ ಕಂಪನಿ ಮರೀತದ, ಗಿರಾಕಿನೂ ಮರೀತಾನ. ನನ್ನ ತಮ್ಮನ ತಪ್ಪೂ ಅದ. ಅಂವ ಗಾಡಿ ತೊಗೊಂಡ ತಿಂಗಳದ ಸಂಬಳ ನೋಡಿದಾ, ಪೆಟ್ರೋಲ್ ರೇಟ್ ನೋಡಿದಾ. ಗಾಡಿ ಮುಂದ ಹತ್ತ ವರ್ಷ ಓಡೋದದ, ಆ ಹತ್ತರಾಗ ಒಂದರೆ ತುಟ್ಟಿ ವರ್ಷ ಬಂದ ಬರ್ತದ ಅಂತ ಲೆಕ್ಕ ಹಾಕಲಿಲ್ಲ.

ಅದಕ್ಕ ನಾ ಹೇಳಿದೆ: ಪೆಟ್ರೋಲ್ ಎರಡ ಪಟ್ಟು ಆದ್ರೂ ತುಂಬಸಲಿಕ್ಕೆ ಆಗೋವಂಥಾದ್ದ ತೊಗೊ. ನಿನ್ನ ಓಡಾಟ ಊರಾಗ ಸಿಗ್ನಲ್ ಸಿಗ್ನಲ್‌ಗೆ ನಿಂತು ಹೋಗೋದಾದ್ರ ಹೈಬ್ರಿಡ್ ಛಲೋ, ಬ್ರೇಕ್ ಹಾಕಿದಾಗ ಹಾಳಾಗೋ ಶಕ್ತಿ ಬ್ಯಾಟರಿಗೆ ವಾಪಸ್ ಹೋಗ್ತದ. ಬರೇ ಹೆದ್ದಾರಿ ಆದ್ರ ಅಷ್ಟು ಉಳಿತಾಯ ಇಲ್ಲ. ಸೆಕೆಂಡ್ ಹ್ಯಾಂಡ್ ಇದ್ರ ಬ್ಯಾಟರಿ ತಪಾಸಣಾ ಮಾಡಸದ ರೊಕ್ಕಾ ಕೊಡಬ್ಯಾಡಾ.

ಕಡೀಕ ಅಕಿ ಒಂದು ಹಳೇ ಫ್ಯೂಷನ್ ಹೈಬ್ರಿಡ್ ನೋಡ್ಯಾಳ. "ಇದೂ ಮೆಕ್ಸಿಕೋದಾಗ ತಯಾರಾದದ್ದು ಮಾಮಾ!" ಅಂತ ಸ್ವಲ್ಪ ಬ್ಯಾಸರಾ ಮಾಡಕೊಂಡ್ಲು. ನಾ ಸಮಾಧಾನ ಹೇಳಿದೆ. ನಮ್ಮಪ್ಪ ಪಕ್ಕದಾಗ ಕೂತು ಎಲ್ಲಾ ಕೇಳಲಿಕ್ಕೆ ಹತ್ತಿದ್ರು. ಫೋನ್ ಇಸ್ಕೊಂಡು ಒಂದ ಮಾತು ಕೇಳಿದ್ರು: "ಸಾಲಾ ಎಷ್ಟ ಮಾಡತೀವಾ?"

"ಇಲ್ಲಜ್ಜಾ, ಕೂಡಿಟ್ಟ ರೊಕ್ಕದಾಗ" ಅಂದ್ಲು. ಅಪ್ಪ ಮತ್ತೇನೂ ಕೇಳಲಿಲ್ಲ, ಫೋನ್ ನನ್ನ ಕೈಗೆ ಕೊಟ್ಟು ಮಲಗಲಿಕ್ಕೆ ಹೋದ್ರು.