ಅತಿಥಿಯ ನೇಮಕ್ಕೂ ಒಂದು ಎಲೆ

ಹಳೇ ಹುಬ್ಬಳ್ಳಿಯ ಗೆಳೆಯನೊಬ್ಬನಿಗೆ ಹೋದ ಚಳಿಗಾಲದಲ್ಲಿ ಮದುವೆಯಾಯಿತು. ನೆಂಟರ ಮನೆಗಳ ದಾವತ್ತುಗಳೆಲ್ಲ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೇ ಎರಡು ದಿನ ಎಲ್ಲಿಗಾದರೂ ಹೋಗಿ ಬರಬೇಕೆಂದು ಯೋಚಿಸಿದರು. ಗೋವಾ ದುಬಾರಿ, ಊಟಿ ದೂರ. ಕೊನೆಗೆ ವಿಜಯಪುರವೆಂದು ತೀರ್ಮಾನವಾಯಿತು. ಮನೆಯ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ಊಟಕ್ಕೆ ಏನು ಮಾಡುತ್ತೀರಿ? ಗೆಳೆಯ ಲಾಡ್ಜುಗಳಿಗೆ ಫೋನು ಮಾಡಿದ. ಕೋಣೆ, ಬಾಡಿಗೆ, ಬಿಸಿನೀರು ಎಲ್ಲವನ್ನೂ ಗಟ್ಟಿಯಾಗಿಯೇ ವಿಚಾರಿಸಿದವನು, ‘ಹಲಾಲ್ ಊಟ ಹತ್ತಿರದಲ್ಲಿ ಸಿಗುತ್ತದೆಯೇ?’ ಎಂದು ಕೇಳುವಾಗ ಮಾತ್ರ ದನಿ ತಗ್ಗಿಸಿದ.

ಆ ದನಿ ತಗ್ಗಿದ್ದೇಕೆ ಎಂಬುದು ಈ ಬರಹಕ್ಕೆ ಕಾರಣ. ‘ಹಲಾಲ್ ಪ್ರವಾಸ’ ಎಂಬ ಮಾತು ಹೊಸದು. ಮಲೇಷ್ಯಾ, ಇಂಡೋನೇಷ್ಯಾದಂಥ ದೇಶಗಳು ಇಂದು ಅದನ್ನು ದೊಡ್ಡ ಉದ್ಯಮವಾಗಿಯೇ ಬೆಳೆಸಿವೆ. ಆದರೆ ಆ ಮಾತಿನ ಹಿಂದಿನ ಪ್ರಶ್ನೆ, ಅಂದರೆ ತನ್ನ ನೇಮ ಬಿಡದ ಪ್ರವಾಸಿಗೆ ಪರಊರಿನಲ್ಲಿ ಅನ್ನ ಹೇಗೆ ಎಂಬುದು, ಕನ್ನಡನಾಡಿಗೆ ಏಳು ಶತಮಾನಗಳಷ್ಟು ಹಳೆಯದು. ಅದಕ್ಕೆ ಈ ನೆಲ ಕೊಟ್ಟ ಉತ್ತರಗಳೂ ಅಷ್ಟೇ ಹಳೆಯವು.

ಹಲಾಲ್ ಎಂದರೆ

ಅರಬ್ಬಿಯಲ್ಲಿ ‘ಹಲಾಲ್’ ಎಂದರೆ ಧರ್ಮ ಒಪ್ಪಿದ್ದು, ‘ಹರಾಮ್’ ಎಂದರೆ ನಿಷೇಧಿಸಿದ್ದು. ಊಟದ ಮಟ್ಟಿಗೆ ಹಂದಿಮಾಂಸ, ರಕ್ತ, ಮದ್ಯ ನಿಷಿದ್ಧ. ಕುರಿ, ಕೋಳಿಗಳನ್ನು ದೇವರ ಹೆಸರು ಹೇಳಿ ಕೊಯ್ದು ರಕ್ತ ಹರಿದುಹೋಗಲು ಬಿಡಬೇಕು. ಮೀನಿಗೆ ಈ ಕಟ್ಟಳೆ ಇಲ್ಲ. ಕಾಳು, ಕಾಯಿಪಲ್ಲೆ, ಹಾಲು, ಹಣ್ಣು ಸಹಜವಾಗಿಯೇ ಹಲಾಲ್. ಹಾಗೆ ನೋಡಿದರೆ ನಮ್ಮ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರಿಗೆ ಯಾರ ಪ್ರಮಾಣಪತ್ರವೂ ಬೇಕಿಲ್ಲ. ಪ್ರಶ್ನೆ ಏಳುವುದು ಮಾಂಸದ ವಿಷಯದಲ್ಲಿ, ಮತ್ತು ಅದೇ ಕೋಣೆಯಲ್ಲಿ ಮದ್ಯವನ್ನೂ ಕೊಡುವ ಹೋಟೆಲುಗಳಲ್ಲಿ.

ಪ್ರಯಾಣಿಕನ ಬಗೆಗೆ ಇಸ್ಲಾಂ ಸಾಕಷ್ಟು ಉದಾರವಾಗಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ನಿಗದಿತ ದೂರ ಮೀರಿ ಹೋದವನು ನಾಲ್ಕು ರಕಾತುಗಳ ನಮಾಜನ್ನು ಎರಡಕ್ಕೆ ಇಳಿಸಬಹುದು. ರಂಜಾನಿನಲ್ಲಿ ಉಪವಾಸವನ್ನು ಮುಂದಕ್ಕೆ ಹಾಕಿ ಊರಿಗೆ ಮರಳಿದ ಮೇಲೆ ತೀರಿಸಬಹುದು. ದಾರಿಯ ಆಯಾಸವನ್ನು ಧರ್ಮವೇ ಲೆಕ್ಕಕ್ಕೆ ತೆಗೆದುಕೊಂಡಿದೆ.

ಹೊನ್ನಾವರದ ಹನ್ನೊಂದು ತಿಂಗಳು

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಕರಾವಳಿಗೆ ಬಂದ. ಹೊನ್ನಾವರವನ್ನು ಆಗ ಜಮಾಲುದ್ದೀನ್ ಎಂಬ ಸುಲ್ತಾನ ಆಳುತ್ತಿದ್ದ. ಅವನು ಮತ್ತೊಬ್ಬ ಹಿಂದೂ ಅರಸನ ಅಧೀನನಾಗಿದ್ದನೆಂದು ಬತೂತ ಬರೆದಿದ್ದಾನೆ. ಆ ಸುಲ್ತಾನನ ಮನೆಯ ಊಟದ ವರ್ಣನೆಯನ್ನು ಓದಿದರೆ ಉತ್ತರ ಕನ್ನಡದವರಿಗೆ ತಮ್ಮದೇ ಪಂಕ್ತಿ ನೆನಪಾದೀತು. ಮೊದಲು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು, ಕುಡಿಯಲು ಬಿಸಿನೀರು. ಹನ್ನೊಂದು ತಿಂಗಳು ಈ ಸುಲ್ತಾನನ ಜತೆಗಿದ್ದರೂ ರೊಟ್ಟಿಯ ಮುಖ ಕಾಣಲಿಲ್ಲವೆಂಬುದು ಗೋಧಿಯ ನಾಡಿನಿಂದ ಬಂದ ಬತೂತನ ಸಣ್ಣ ಗೊಣಗು!

ಇದಕ್ಕಿಂತ ಮುಖ್ಯವಾದದ್ದು ಗೋವೆಯಿಂದ ಕೊಲ್ಲಂವರೆಗಿನ ಕರಾವಳಿ ದಾರಿಯ ಬಗ್ಗೆ ಅವನು ಬರೆದಿಟ್ಟ ಸಂಗತಿ. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕೆ ಮರದ ತಂಗುಮನೆಗಳಿದ್ದವು. ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ಮುಸ್ಲಿಮನಿಗೆ ನೀರನ್ನು ಪಾತ್ರೆಯಲ್ಲಿ ಕೊಡದೆ ಬೊಗಸೆಗೆ ಹೊಯ್ಯುತ್ತಿದ್ದರು. ಊಟ ಕೊಡಬೇಕಾದರೆ ಬಾಳೆ ಎಲೆಯ ಮೇಲೆ ಬಡಿಸುತ್ತಿದ್ದರು. ಅಲ್ಲಲ್ಲಿ ಮುಸ್ಲಿಮರ ಮನೆಗಳಿದ್ದು, ಪ್ರಯಾಣಿಕರು ಅಲ್ಲಿ ಇಳಿದು ಬೇಕಾದುದನ್ನು ಕೊಂಡು ಅಡುಗೆ ಮಾಡಿಸಿಕೊಳ್ಳುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಮುಸ್ಲಿಮನೊಬ್ಬ ಈ ದಾರಿಯಲ್ಲಿ ಸಾಗುವುದೇ ಸಾಧ್ಯವಿರಲಿಲ್ಲವೆಂದು ಬತೂತ ಹೇಳುತ್ತಾನೆ.

ಇದನ್ನು ಸುವರ್ಣಯುಗವೆಂದು ಕರೆಯಬೇಕಿಲ್ಲ. ಬೊಗಸೆಗೆ ನೀರು ಹೊಯ್ಯುವುದರ ಹಿಂದೆ ಮಡಿ ಮೈಲಿಗೆಯ ಲೆಕ್ಕವಿತ್ತು. ಆದರೆ ನೇಮ ಎರಡೂ ಕಡೆಗೆ ಇತ್ತೆಂಬುದನ್ನು ಮರೆಯಬಾರದು. ಆತಿಥೇಯನಿಗೆ ತನ್ನ ಪಾತ್ರೆಯ ಚಿಂತೆ, ಅತಿಥಿಗೆ ತನ್ನ ಊಟದ ಚಿಂತೆ. ಹಾಗಿದ್ದೂ ದಾರಿ ಮುಚ್ಚಲಿಲ್ಲ, ಬಾವಿ ಬತ್ತಲಿಲ್ಲ.

ಊಟದ ಬದಲು ಹೊನ್ನಿನ ಚೀಲ

ಇನ್ನೊಂದು ನೂರು ವರ್ಷ ಮುಂದಕ್ಕೆ ಬಂದು, ಘಟ್ಟ ಹತ್ತಿ ತುಂಗಭದ್ರೆಯ ದಂಡೆಗೆ ಹೋಗೋಣ. 1443ರಲ್ಲಿ ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯ ಪಟ್ಟದಲ್ಲಿದ್ದ. ರಾಯಭಾರಿಯ ಬಿಡಾರಕ್ಕೆ ಅರಮನೆಯಿಂದ ದಿನವೂ ಹೋಗುತ್ತಿದ್ದ ಪಡಿ ಇಷ್ಟು: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜತೆಗೆ ಎರಡು ವರಹ. ಹೋಗುತ್ತಿದ್ದದ್ದು ಬೇಯಿಸಿದ ಊಟವಲ್ಲ, ಅಡುಗೆಯ ಸಾಮಾನು ಎಂಬುದು ಗಮನಾರ್ಹ. ಅತಿಥಿ ತನ್ನ ನೇಮದಂತೆ ಅಡುಗೆ ಮಾಡಿಸಿಕೊಳ್ಳಲು ಇದರಿಂದ ಅನುಕೂಲವಾಗುತ್ತಿತ್ತು.

ಒಮ್ಮೆ ದೇವರಾಯನೇ ಇದನ್ನು ಬಾಯಿಬಿಟ್ಟು ಹೇಳಿದನೆಂದು ರಜಾಕ್ ದಾಖಲಿಸಿದ್ದಾನೆ. ನಿಮ್ಮ ದೊರೆಗಳು ರಾಯಭಾರಿಯನ್ನು ಕರೆದು ಔತಣ ನೀಡುತ್ತಾರೆ, ನಾವು ನೀವು ಜತೆಗೆ ಕೂತು ಉಣ್ಣುವಂತಿಲ್ಲ, ಆದ್ದರಿಂದ ಈ ಹೊನ್ನಿನ ಚೀಲವನ್ನೇ ಔತಣವೆಂದು ತಿಳಿಯಬೇಕು ಎಂಬುದು ಅರಸನ ಮಾತಿನ ತಾತ್ಪರ್ಯ. ತನ್ನ ಕಟ್ಟಳೆಯನ್ನು ಮುಚ್ಚಿಡಲೂ ಇಲ್ಲ, ಅದರಿಂದ ಅತಿಥಿಗೆ ಅವಮಾನವಾಗಲು ಬಿಡಲೂ ಇಲ್ಲ.

ಅದೇ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ಅಲ್ಲಿರುವ ಶಾಸನದ ಭಾಷೆ ಕನ್ನಡ. ಅರಸನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಆ ಕಟ್ಟಡವನ್ನು ಶಾಸನ ಕರೆಯುವುದು ‘ಧರ್ಮಸಾಲೆ’ ಎಂದು. ಪರರ ಪ್ರಾರ್ಥನಾ ಮಂದಿರಕ್ಕೆ ಕನ್ನಡಕ್ಕೆ ತೋಚಿದ್ದು ದಾರಿಹೋಕರ ತಂಗುದಾಣದ ಹೆಸರು!

ರಾಣಿಯ ಹೆಸರಿನ ಬಾವಡಿ

ಈಗ ಗೆಳೆಯನ ವಿಜಯಪುರಕ್ಕೆ ಬರೋಣ. ಆದಿಲ್‌ಶಾಹಿ ರಾಜಧಾನಿಯಾಗಿದ್ದ ಈ ಊರಲ್ಲಿ ಮಕ್ಕಾ ದರವಾಜೆಯ ಬಳಿ ತಾಜ್ ಬಾವಡಿ ಇದೆ. 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದೆಂದು ಹೇಳುವ ಇದಕ್ಕೆ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಳ ಹೆಸರು. ಕೊಳದ ಒಂದೊಂದು ಪಕ್ಕವೂ 223 ಅಡಿ. ಎದುರಿಗೆ ದೊಡ್ಡ ಕಮಾನು, ಅದರ ಎರಡೂ ಬದಿಗೆ ಪ್ರಯಾಣಿಕರು ತಂಗಲು ಕಟ್ಟಿದ ಕೋಣೆಗಳು. ನೀರಿನ ಬಳಿಯೇ ವಸತಿ: ಕರಾವಳಿಯ ತಂಗುಮನೆಯಲ್ಲಿ ಬತೂತ ಕಂಡ ಏರ್ಪಾಡೇ ಇಲ್ಲಿ ಕಲ್ಲಿನಲ್ಲಿ ದೊಡ್ಡದಾಗಿದೆ.

ಕೋಟೆಗೋಡೆಯ ಹೊರಗೆ, ಪಶ್ಚಿಮಕ್ಕೆ, ಇಬ್ರಾಹಿಂ ರೋಜಾ. ಮೊದಲು ರಾಣಿಗಾಗಿ ಆರಂಭವಾದ ಗೋರಿ ಇದೆಂದು ಪ್ರತೀತಿ. 1627ರಲ್ಲಿ ತೀರಿಕೊಂಡ ದೊರೆಯನ್ನು ಇಲ್ಲಿಯೇ ಮಣ್ಣು ಮಾಡಿದರು. ಇಂದು ಇಬ್ಬರೂ ಒಂದೇ ಸೂರಿನಡಿ ಮಲಗಿದ್ದಾರೆ. ಒಂದೇ ಜಗತಿಯ ಮೇಲೆ ಗೋರಿ, ಮಸೀದಿ ಎದುರುಬದುರಾಗಿದ್ದು ನಡುವೆ ನೀರಿನ ಹೊಂಡವಿದೆ. ಕಿಟಕಿಗಳ ಕಲ್ಲುಜಾಲರಿಯಲ್ಲಿ ಅಕ್ಷರಗಳನ್ನೇ ಕೊರೆದಿದ್ದಾರೆ. ಸಂಗೀತಪ್ರಿಯನಾಗಿದ್ದ ಈ ಇಬ್ರಾಹಿಂ ತನ್ನ ‘ಕಿತಾಬೆ ನವರಸ’ದಲ್ಲಿ ಸರಸ್ವತಿಯನ್ನು ಸ್ತುತಿಸಿದ ದೊರೆ.

ಎರಡು ದಿನದ ಲೆಕ್ಕ

ಹುಬ್ಬಳ್ಳಿಯಿಂದ ಗದಗ, ಬಾಗಲಕೋಟೆ ಮಾರ್ಗವಾಗಿ ವಿಜಯಪುರಕ್ಕೆ ರೈಲಿದೆ; ರಸ್ತೆಯಲ್ಲಿ ಸುಮಾರು ಇನ್ನೂರು ಕಿಲೋಮೀಟರು. ಅವಸರವಿಲ್ಲದ ಜೋಡಿ ಮೊದಲ ದಿನದ ಸಂಜೆಯನ್ನು ಇಬ್ರಾಹಿಂ ರೋಜಾ ಮತ್ತು ತಾಜ್ ಬಾವಡಿಗೆ ಮೀಸಲಿಡಬಹುದು. ಮರುದಿನ ಬೆಳಿಗ್ಗೆ, ಶಾಲೆಮಕ್ಕಳ ಬಸ್ಸುಗಳು ಬರುವ ಮುಂಚೆ, ರೈಲು ನಿಲ್ದಾಣಕ್ಕೆ ಸಮೀಪದ ಗೋಲಗುಂಬಜ್ ಹತ್ತುವುದು ಒಳ್ಳೆಯದು. ಒಳಗೆ 124 ಅಡಿ ಅಗಲದ ಗುಮ್ಮಟದ ಈಚೆಗೆ ಹೆಂಡತಿ ಪಿಸುಗುಟ್ಟಿದ್ದು ಆಚೆಗಿನ ಗಂಡನಿಗೆ ಸ್ಪಷ್ಟವಾಗಿ ಕೇಳುತ್ತದೆ. ಮಧ್ಯಾಹ್ನದ ನಮಾಜಿಗೆ ಜಾಮಿಯಾ ಮಸೀದಿ, ಸಂಜೆಗೆ ಬಾರಾ ಕಮಾನ್. ಊಟಕ್ಕೆ ಮುಸ್ಲಿಮರು ನಡೆಸುವ ಹೋಟೆಲುಗಳಿವೆ. ಅವು ಬೇಡವೆನಿಸಿದರೆ ಜೋಳದ ನಾಡಿನ ಸಸ್ಯಾಹಾರಿ ಖಾನಾವಳಿ ಇದ್ದೇ ಇದೆ.

ಲೆಕ್ಕ ಇಷ್ಟು ಸರಳವಾಗಿರುವಾಗ ಗೆಳೆಯನ ದನಿ ತಗ್ಗಿದ್ದೇಕೆ? 2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿನ ಮಾಂಸದ ವ್ಯಾಪಾರದ ವೇಳೆ, ಹಲಾಲ್ ಮಾಂಸ ಬಹಿಷ್ಕರಿಸಬೇಕೆಂಬ ಕರೆ ರಾಜ್ಯದಲ್ಲಿ ಕೇಳಿಬಂದಿತ್ತು. ಯಾರು ಯಾವ ಅಂಗಡಿಯಲ್ಲಿ ಕೊಳ್ಳಬೇಕೆಂಬುದು ಅವರವರ ಇಷ್ಟ. ತಮಗೆ ಹಲಾಲ್ ಬೇಡ ಎನ್ನುವವರಿಗೂ ಅವರದೇ ನೇಮವಿದೆ. ಆದರೆ ಆ ಗದ್ದಲದ ನಂತರ, ಉಳಿದವರ ಬಾಯಲ್ಲಿ ‘ಈರುಳ್ಳಿ ಬೆಳ್ಳುಳ್ಳಿ ಹಾಕಬೇಡಿ’ ಎಂಬಷ್ಟೇ ಸಾದಾ ಆಗಿರಬೇಕಾದ ಪ್ರಶ್ನೆ ಒಬ್ಬ ಗ್ರಾಹಕನ ಬಾಯಲ್ಲಿ ಅಳುಕಿನ ಪ್ರಶ್ನೆಯಾಯಿತು. ಕಳೆದುಕೊಂಡದ್ದು ಮಾಂಸದ ವ್ಯಾಪಾರವಷ್ಟೇ ಅಲ್ಲ.

ಹಿಂದಿನವರು ಪರಸ್ಪರರ ಊಟವನ್ನು ಒಂದೇ ಮಾಡಲು ಹೋಗಲಿಲ್ಲ. ಎಲೆ ಬೇರೆ ಹಾಕಿದರು, ಪಡಿ ಬೇರೆ ಕಳಿಸಿದರು, ಬಾವಿಯ ಪಕ್ಕ ಕೋಣೆ ಕಟ್ಟಿದರು. ನೇಮಗಳು ಬೇರೆಯಾಗಿದ್ದರೂ ಅತಿಥಿ ಹಸಿದು ಹೋಗಬಾರದೆಂಬುದು ಎಲ್ಲರಿಗೂ ಒಪ್ಪಿಗೆಯಾಗಿತ್ತು.

ಅಂದಹಾಗೆ, ಫೋನಿನ ಆ ತುದಿಯಲ್ಲಿದ್ದ ಲಾಡ್ಜಿನ ಮ್ಯಾನೇಜರು ಗೆಳೆಯನ ಪ್ರಶ್ನೆಗೆ ತಡವರಿಸಲಿಲ್ಲವಂತೆ. ‘ಸಿಗತೈತ್ರಿ, ಎಡಕ್ಕ ಎರಡನೇ ಓಣಿ. ನೀವು ಬರ್ರಿ’ ಎಂದರಂತೆ. ಅಜ್ಜಿ ಮಾತ್ರ ಬುತ್ತಿ ಕಟ್ಟುವುದನ್ನು ಬಿಡಲಿಲ್ಲ.